ಶಾಫ್ಟಿಗಿಳಿಸಿದ ದೀಪ

ರಾಜ್‌ಕುಮಾರ್ ಕೋಲಾರದ ಹಳೆಯ ಚಿನ್ನದ ಗಣಿಯ ಶಾಫ್ಟಿನೊಳಗೆ, ನೆಟ್ಟಗೆ ಕೆಳಗಿಳಿಯುವ ಬಾವಿಯೊಳಗೆ, ಬಿದ್ದ ಮೇಲೆ ಹುಡುಕಾಟ ನಡೆದದ್ದು ಒಂದು ವಾರ. ಪೊಲೀಸರು ಬಂದರು, ಅಗ್ನಿಶಾಮಕದವರು ಬಂದರು, ಹಿಂದೆ ಅದೇ ಗಣಿಯಲ್ಲಿ ದುಡಿದ ಇಬ್ಬರು ಮುದುಕರನ್ನು ಕರೆಸಿ ದಾರಿ ಕೇಳಿದರು. ಹಗ್ಗ ಕಟ್ಟಿಕೊಂಡು ಇಳಿದವನು ಅರ್ಧಕ್ಕೇ ಉಸಿರು ಕಟ್ಟಿ ಮೇಲೆ ಬಂದ. ಕೆಳಗೆ ಕೆಟ್ಟ ಗಾಳಿ, ಅದರ ಕೆಳಗೆ ನೀರು. ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ ಸುರಂಗಗಳಲ್ಲೆಲ್ಲ ತುಂಬಿಕೊಂಡ ನೀರು ಅದು. ಹೆಣ ತೇಲಬೇಕಿತ್ತು, ತೇಲಲಿಲ್ಲ. ಒಳಗಿನ ಮರದ ತೊಲೆಗಳಿಗೆ ಸಿಕ್ಕಿರಬೇಕು, ಇಲ್ಲವೇ ಪಕ್ಕದ ಸುರಂಗಕ್ಕೆ ಸೇರಿರಬೇಕು ಎಂದರು. ಒಂದು ಬೆಳಿಗ್ಗೆ ಹಗ್ಗ ಸುತ್ತಿಕೊಂಡು ಹೊರಟುಹೋದರು.

ರಾಜ್‌ಕುಮಾರ್ ಕಳ್ಳನೇನೂ ಅಲ್ಲ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬರುವ ನೂರಾರು ಜನರಲ್ಲಿ ಒಬ್ಬ. ಆ ತಿಂಗಳು ಕಟ್ಟಡದ ಕೆಲಸ ನಿಂತಿತ್ತು. ಶಾಫ್ಟಿನ ಗೋಡೆಯಲ್ಲಿ ಕಂಪನಿ ಕಾಲದ ತಾಮ್ರದ ಕೇಬಲ್ ಇನ್ನೂ ನೇತಾಡುತ್ತಿದೆ, ಕತ್ತರಿಸಿಕೊಂಡು ಬರೋಣ ಎಂದು ಗೆಳೆಯ ಕುಪ್ಪುಸ್ವಾಮಿ ಕರೆದ. ಇಬ್ಬರೂ ಇಳಿದರು. ಮರದ ಏಣಿ ಮುರಿಯಿತು. ಕುಪ್ಪುಸ್ವಾಮಿ ಮೇಲಿದ್ದ, ಹತ್ತಿ ಬಂದ. ರಾಜ್‌ಕುಮಾರ್ ಕೆಳಗಿದ್ದ. ನೀರಿಗೆ ಬಿದ್ದ ಸದ್ದು ಕೇಳಿತು, ಕೂಗಿದರೆ ಉತ್ತರ ಬರಲಿಲ್ಲ ಎಂದು ಕುಪ್ಪುಸ್ವಾಮಿ ಪೊಲೀಸರ ಮುಂದೆ ಹೇಳಿದ.

ನಂದಿದುರ್ಗ ಗಣಿಯ ಕೂಲಿಗಳಿಗೆಂದು ಕಂಪನಿ ಕಟ್ಟಿಸಿದ್ದ ಲೈನ್ ಮನೆಯೊಂದರಲ್ಲಿ ಉಳಿದದ್ದು ಇಬ್ಬರು ಹೆಂಗಸರು: ರಾಜ್‌ಕುಮಾರನ ತಾಯಿ ಮಾರಿಯಮ್ಮ, ಹೆಂಡತಿ ಇಂದ್ರಾಣಿ. ಮದುವೆಯಾಗಿ ಎರಡು ವರ್ಷ, ಮಕ್ಕಳಿರಲಿಲ್ಲ. ಆ ಮನೆಯವರ ಮಾತು ತಮಿಳು. ಇಂದ್ರಾಣಿ ಬಂಗಾರಪೇಟೆ ಕಡೆಯ ಹಳ್ಳಿಯವಳಾದ್ದರಿಂದ ಅವಳು ಬಂದ ಮೇಲೆ ಮನೆಯಲ್ಲಿ ಹೆಚ್ಚಾಗಿ ಕನ್ನಡವೇ ನಡೆಯುತ್ತಿತ್ತು.

ಮಗ ಸತ್ತನೆಂದು ಯಾರು ಹೇಳಿದರೂ ಮಾರಿಯಮ್ಮ ಒಪ್ಪಲಿಲ್ಲ. "ಮುಖ ನೋಡ್ದೆ ಕಾರ್ಯ ಮಾಡಲ್ಲ," ಎಂದಳು. ದಿನಾ ಮಧ್ಯಾಹ್ನ ಮಗನ ತಟ್ಟೆಯಲ್ಲಿ ಅನ್ನ ಹಾಕಿ ಮುಚ್ಚಿಡುತ್ತಿದ್ದಳು. ಇಂದ್ರಾಣಿ ಹಣೆಗೆ ಕುಂಕುಮ ಇಟ್ಟರೆ ನಲ್ಲಿಯ ಹತ್ತಿರ ಹೆಂಗಸರು ಪಿಸುಗುಡುತ್ತಿದ್ದರು. ಇಡದಿದ್ದರೆ ಅತ್ತೆ ಬೈಯುತ್ತಿದ್ದಳು. ಅವಳು ಹಗಲೆಲ್ಲ ಒಳಗೇ ಕೂರತೊಡಗಿದಳು.

ಮಾರಿಯಮ್ಮನ ಮಗಳು ವನಿತಾ, ಅಳಿಯ ಸೆಲ್ವರಾಜ್ ಆಂಡರ್ಸನ್‌ಪೇಟೆಯಲ್ಲಿದ್ದರು. ಸೆಲ್ವರಾಜನಿಗೆ ಅಲ್ಲೊಂದು ರಿಪೇರಿ ಅಂಗಡಿ. ಮೊದಲು ಟೀವಿ, ಆಂಪ್ಲಿಫೈಯರ್ ನೋಡುತ್ತಿದ್ದವನು ಈಗ ಮಿಕ್ಸಿ, ಫ್ಯಾನು, ಎಲ್‌ಇಡಿ ಬಲ್ಬು ನೋಡುತ್ತಿದ್ದ. ಬೋರ್‌ವೆಲ್ ಕ್ಯಾಮೆರಾದ ಯೋಚನೆ ವನಿತಾಳದು. ಬತ್ತಿದ ಬೋರ್‌ವೆಲ್ಲಿನೊಳಗೆ ಕ್ಯಾಮೆರಾ ಇಳಿಸಿ ನೀರಿನ ಸೆಲೆ ಎಲ್ಲಿದೆ ಎಂದು ನೋಡುವವರು ಬಂಗಾರಪೇಟೆಯಲ್ಲಿದ್ದಾರೆ. ಅವರಲ್ಲಿ ಶ್ರೀಧರ್ ಎಂಬವನು ಸೆಲ್ವರಾಜನಿಗೆ ಪರಿಚಯ. ಅವನ ಸ್ಕ್ರೀನು ಒಂದೆರಡು ಸಲ ಅಂಗಡಿಗೆ ರಿಪೇರಿಗೆ ಬಂದಿತ್ತು.

ಶ್ರೀಧರ್ ವಿಷಯ ಕೇಳಿ ಕೂಡಲೇ ಬಂದ. ಶಾಫ್ಟಿನ ಬಳಿ ಕಾವಲಿಗಿದ್ದ ಕೋದಂಡಪ್ಪ, "ಯಾರಾದ್ರೂ ಬರೋದ್ರೊಳ್ಗೆ ಮುಗಿಸ್ಕೊಳ್ಳಪ್ಪಾ," ಎಂದು ಬೇಲಿಯ ಬಾಗಿಲು ತೆಗೆದು ಆ ಕಡೆ ತಿರುಗಿ ನಿಂತ. ಕ್ಯಾಮೆರಾ ಇಳಿಯಿತು. ಸ್ಕ್ರೀನಿನಲ್ಲಿ ಬರೀ ಕತ್ತಲೆ. ಒಮ್ಮೊಮ್ಮೆ ಒಂದು ಕಲ್ಲಿನ ಅಂಚು ಬೂದಿಬಣ್ಣಕ್ಕೆ ಮಿನುಗಿ ಮಾಯವಾಗುತ್ತಿತ್ತು.

"ಇದ್ರಾಗಿರೋದು ಸಣ್ ಲೈಟು ಅಣ್ಣಾ," ಎಂದ ಶ್ರೀಧರ್. "ಆರಿಂಚು ಪೈಪೊಳ್ಗೆ ನೋಡಾಕೆ ಮಾಡಿರೋದು. ಇಷ್ಟ್ ಅಗಲದ ಬಾವೀಲಿ ಏನೂ ಕಾಣಕಿಲ್ಲ."

ಪಕ್ಕದಲ್ಲಿ ನಿಂತಿದ್ದ ಮಾರಿಯಮ್ಮ ಕೇಳಿದಳು: "ದೊಡ್ ಲೈಟ್ ಇದ್ರೆ?"

"ಇದ್ರೆ ಕಾಣ್ಬೋದಮ್ಮಾ."

ಮಾರಿಯಮ್ಮ ಅಳಿಯನ ಕಡೆ ತಿರುಗಿದಳು. "ಮಾಪ್ಳೆ, ನೀವು ಲೈಟ್ ಕೆಲ್ಸ ಮಾಡೋರಲ್ವಾ."

ಸೆಲ್ವರಾಜನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಕೆಟ್ಟ ಬಲ್ಬು ಬಿಚ್ಚಿ, ಸುಟ್ಟ ಎಲ್‌ಇಡಿ ಮಣಿ ಕಿತ್ತು, ಹೊಸದು ಬೆಸೆಯುವುದು. ಆ ಮಣಿ ಯಾಕೆ ಸುಟ್ಟಿತು ಎಂದು ಯೋಚಿಸಿದವನಲ್ಲ. ಮೊದಲ ದೀಪವನ್ನು ಅವನು ಒಂದು ಗಂಟೆಯಲ್ಲಿ ಮಾಡಿದ. ತಗಡಿನ ತುಂಡಿಗೆ ದೊಡ್ಡ ಮಣಿಗಳನ್ನು ಅಂಟಿಸಿ, ಅದನ್ನು ಪಿವಿಸಿ ಪೈಪಿನೊಳಗೆ ಕೂರಿಸಿ, ತುದಿಗೆ ಗಾಜಿನಂಥ ದಪ್ಪ ಪ್ಲಾಸ್ಟಿಕ್ ಹಾಕಿ ಮುಚ್ಚಿದ. ಹೊತ್ತಿಸಿದಾಗ ಅಂಗಡಿಯೆಲ್ಲ ಬೆಳಗಿತು. ಮಾರಿಯಮ್ಮ ಕೈಮುಗಿದಳು. ಅವಳು ಕೈ ಇಳಿಸುವಷ್ಟರಲ್ಲಿ ಬೆಳಕು ನೀಲಿಗೆ ತಿರುಗಿತು, ಕಮಟು ವಾಸನೆ ಬಂತು, ಮಣಿಗಳು ಒಂದೊಂದಾಗಿ ಆರಿದವು. ಬಿಚ್ಚಲು ಹೋಗಿ ತಗಡಿನ ಹಿಂಭಾಗ ಮುಟ್ಟಿದ ಸೆಲ್ವರಾಜನ ಬೆರಳು ಸುಟ್ಟಿತು. ಮುಂದೆ ಬೆಳಕು ಬರುವ ಕಡೆ ಮಾತ್ರ ಅಷ್ಟು ಬಿಸಿ ಇರಲಿಲ್ಲ. ಈ ದೀಪದ ಬಿಸಿಯೆಲ್ಲ ಬೆನ್ನಿನ ಕಡೆಯಿಂದ ಹೋಗಬೇಕು, ಅದಕ್ಕೆ ಹೋಗಲು ದಾರಿ ಬೇಕು ಎಂಬುದು ಅವನಿಗೆ ಅವತ್ತು ತಿಳಿಯಿತು.

ಮಾರನೆಯ ದಿನ ಬೆಂಗಳೂರಿಗೆ ಹೋಗಿ ಬೆಂಕಿಪೊಟ್ಟಣದಷ್ಟು ಅಗಲದ ದೊಡ್ಡ ಎಲ್‌ಇಡಿ ಚಿಪ್ ತಂದ. ಹಳೆಯ ಆಂಪ್ಲಿಫೈಯರಿನಿಂದ ಬಾಚಣಿಗೆಯಂತೆ ಹಲ್ಲುಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಬಿಚ್ಚಿ, ಚಿಪ್ಪನ್ನು ಅದರ ಮೇಲೆ ಸ್ಕ್ರೂ ಹಾಕಿ ಕೂರಿಸಿದ. ಬಯಲಿನಲ್ಲಿ ಎಷ್ಟು ಹೊತ್ತು ಇಟ್ಟರೂ ಉರಿಯಿತು. ಪೈಪಿನೊಳಗೆ ಹಾಕಿ ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿಗೇ ಮಂಕಾಯಿತು. ಹೀಟ್‌ಸಿಂಕು ಬಿಸಿಯನ್ನು ಗಾಳಿಗೆ ಕೊಡುತ್ತಿತ್ತು. ಮುಚ್ಚಿದ ಪೈಪಿನೊಳಗೆ ಆ ಗಾಳಿಯೇ ಕಾದು ಕೂತಿತ್ತು. ತೆರೆದಿಟ್ಟರೆ ನೀರು ನುಗ್ಗುತ್ತದೆ, ಮುಚ್ಚಿದರೆ ಚಿಪ್ ಸಾಯುತ್ತದೆ. ಸೆಲ್ವರಾಜ್ ಎರಡು ದಿನ ಸುಮ್ಮನೆ ಕೂತ.

ಮನೆಯಲ್ಲಿ ವನಿತಾ ಬೇಗ ಮುಚ್ಚಳ ತೆಗೆಯಬೇಕೆಂದು ಬಿಸಿ ಕುಕ್ಕರನ್ನು ನೀರಿನ ಬೇಸಿನ್ನಿನೊಳಗೆ ಇಟ್ಟಳು. ಚುಂಯ್ ಎಂದು ಸದ್ದಾಯಿತು. ಸೆಲ್ವರಾಜ್ ಊಟಕ್ಕೆ ಕೂತವನು ಎದ್ದು ಬಂದು ಆ ಬೇಸಿನ್ನಿಗೆ ಕೈ ಹಾಕಿದ. ನೀರು ಬೆಚ್ಚಗಾಗಿತ್ತು. ಕುಕ್ಕರಿನ ತಳ ಆಗಲೇ ಮುಟ್ಟುವಂತಿತ್ತು.

"ಏನ್ರೀ ಅದು, ಅನ್ನ ತಿನ್ನೋದ್ ಬಿಟ್ಟು?"

"ಹಳೇ ಕುಕ್ಕರ್ ಇದ್ಯಾ ವನಿತಾ? ದಪ್ಪ ತಳದ್ದು?"

ಹಳೇ ಕುಕ್ಕರ್ ಇದ್ದದ್ದು ಮಾರಿಯಮ್ಮನ ಮನೆಯಲ್ಲಿ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳೇ ತಂದುಕೊಟ್ಟಳು. ಸೆಲ್ವರಾಜನ ಲೆಕ್ಕ ಇಷ್ಟು: ಕುಕ್ಕರನ್ನು ಬೋರಲು ಹಾಕಿ, ತಳದ ಒಳಮೈಗೆ ಚಿಪ್ ಕೂರಿಸುವುದು. ತಳದ ಹೊರಮೈಗೆ ಹೀಟ್‌ಸಿಂಕ್. ಕೆಳಗಾದ ಬಾಯಿಗೆ ದಪ್ಪ ಗಾಜು, ನಡುವೆ ಕುಕ್ಕರಿನ ರಬ್ಬರ್ ಉಂಗುರ. ಚಿಪ್ಪಿನ ಬಿಸಿ ತಳದ ಮೂಲಕ ನೇರ ಹೊರಗೆ, ಮೊದಲು ಗಾಳಿಗೆ, ಆಮೇಲೆ ನೀರಿಗೆ.

ಆದರೆ ಚಿಪ್ಪು ಮತ್ತು ತಳ ಒಂದಕ್ಕೊಂದು ಪೂರ್ತಿ ಅಂಟಬೇಕು. ನಡುವೆ ಕೂದಲೆಳೆಯಷ್ಟು ಗಾಳಿ ಇದ್ದರೂ ಬಿಸಿ ಅಲ್ಲೇ ನಿಲ್ಲುತ್ತದೆ. ವರ್ಷಗಟ್ಟಲೆ ಅನ್ನ ಬೇಯಿಸಿದ ಆ ತಳ ಗುಳಿಗುಳಿಯಾಗಿತ್ತು.

"ಇದನ್ನ ಉಜ್ಜಿ ಸಮ ಮಾಡ್ಬೇಕು ಅತ್ತೆ," ಎಂದ.

"ನಾನ್ ಉಜ್ತೀನಿ ಕೊಡಿ."

ಅವತ್ತಿನಿಂದ ಮಾರಿಯಮ್ಮ ದಿನಾ ಬೆಳಿಗ್ಗೆ ಆಂಡರ್ಸನ್‌ಪೇಟೆಗೆ ನಡೆದು ಬರುತ್ತಿದ್ದಳು. ಅಂಗಡಿಯ ಬಾಗಿಲಲ್ಲಿ ಕಾಲು ಚಾಚಿ ಕೂತು, ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಬೆರಳ ತುದಿಗಳು ಕಪ್ಪಾದವು, ಸಿಪ್ಪೆ ಎದ್ದವು. ಆಗಾಗ ಎತ್ತಿ ಬೆಳಕಿಗೆ ಹಿಡಿದು, "ಇನ್ನೂ ನುಣ್ಣಗಾಗ್ಬೇಕಾ ಮಾಪ್ಳೆ?" ಎನ್ನುತ್ತಿದ್ದಳು. ಸೆಲ್ವರಾಜ್ ಸ್ಟೀಲಿನ ಸ್ಕೇಲು ಅಡ್ಡ ಇಟ್ಟು ನೋಡಿ, "ಇನ್ನೊಂದ್ ಸ್ವಲ್ಪ," ಎನ್ನುತ್ತಿದ್ದ. ಮಗ ಬಿದ್ದ ಮೇಲೆ ಸರಿಯಾಗಿ ಉಣ್ಣದೇ ಇದ್ದವಳು ಆ ದಿನಗಳಲ್ಲಿ ವನಿತಾ ಕೊಟ್ಟದ್ದನ್ನು ಉಂಡಳು. ಅವಳು ಉಣ್ಣುವುದನ್ನು ನೋಡಿ ಸೆಲ್ವರಾಜನಿಗೆ ಈ ಕೆಲಸ ಬೇಗ ಮುಗಿಯದಿದ್ದರೇ ಒಳ್ಳೆಯದು ಎನಿಸುತ್ತಿತ್ತು.

ತಳ ಕನ್ನಡಿಯಂತಾದ ಮೇಲೆ ಅವನು ಸಂದಿ ತುಂಬಿ ಬಿಸಿ ಸಾಗಿಸುವ ಬಿಳಿ ಪೇಸ್ಟ್ ಬಳಿದು ಚಿಪ್ ಕೂರಿಸಿದ. ಪೇಸ್ಟ್ ಹೆಚ್ಚಾಗಿ ಚಿಪ್ ಜಾರಿತು. ಒರೆಸಿ ತೆಳ್ಳಗೆ ಬಳಿದು ಮತ್ತೆ ಕೂರಿಸಿ, ಒಂದು ಕಡೆಯ ಸ್ಕ್ರೂವನ್ನೇ ಮೊದಲು ಪೂರ್ತಿ ಬಿಗಿದ. ಟಿಕ್ ಎಂದಿತು. ಚಿಪ್ಪಿನ ಮೂಲೆಯಿಂದ ಮೂಲೆಗೆ ಬಿರುಕು. ಮತ್ತೆ ಬೆಂಗಳೂರು, ಮತ್ತೊಂದು ಚಿಪ್. ಈ ಸಲ ನಾಲ್ಕೂ ಮೂಲೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಂದ. ನೀರಿನ ಡ್ರಮ್ಮಿನಲ್ಲಿ ಬಿಟ್ಟಾಗ ಕುಕ್ಕರ್ ಮುಳುಗದೆ ಚೆಂಡಿನಂತೆ ತೇಲಿತು. ಒಳಗೆ ಗಾಳಿ ತುಂಬಿತ್ತಲ್ಲ. ಹಿಡಿಗಳಿಗೆ ಕಬ್ಬಿಣದ ತೂಕ ಕಟ್ಟಿದ. ಸ್ಕ್ರೂವಿನ ತೂತಿನಿಂದ ನೀರು ಜಿನುಗಿತು. ವಾಷರ್ ಹಾಕಿ ಸಿಲಿಕೋನ್ ತುಂಬಿದ. ಕೊನೆಗೊಂದು ಮಧ್ಯಾಹ್ನ ದೀಪ ಡ್ರಮ್ಮಿನ ತಳದಲ್ಲಿ ಉರಿಯುತ್ತಲೇ ಇತ್ತು. ಊಟ ಮುಗಿಸಿ ಬಂದು ನೋಡಿದರೂ ಉರಿಯುತ್ತಿತ್ತು, ಸಂಜೆಗೂ ಉರಿಯುತ್ತಿತ್ತು. ಕೈ ಹಾಕಿದರೆ ನೀರು ಒಂದಿಷ್ಟೇ ಬೆಚ್ಚಗಿತ್ತು. ಬೀದಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡಿದರು.

ಭಾನುವಾರ ಇಳಿಸುವುದೆಂದು ಆಯಿತು. ಶನಿವಾರ ಇಂದ್ರಾಣಿ ಅಂಗಡಿಗೆ ಬಂದಳು. ಮಾರಿಯಮ್ಮ ವನಿತಾಳ ಮನೆಯಲ್ಲಿ ಮಲಗಿದ್ದ ಹೊತ್ತು ನೋಡಿಕೊಂಡೇ ಬಂದಿದ್ದಳು.

"ಅಣ್ಣಾ, ನಾಳೆ ಅಲ್ಲಿ ಏನೂ ಕಾಣಿಸ್ದೆ ಓದ್ರೆ?"

"ಕಾಣ್ಸುತ್ತೆ ಇಂದ್ರಾಣಿ. ಈ ಬೆಳಕಿಗೆ ಕಾಣ್ದೆ ಇರತ್ತಾ?"

"ಕಾಣಿಸ್ದಿದ್ರೂ ಕಾಣಿಸ್ತು ಅಂತ ಏಳ್ಬಿಡಿ."

ಸೆಲ್ವರಾಜ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅವ್ರು ಇಲ್ಲ ಅಣ್ಣಾ. ಬಿದ್ ದಿನಾನೇ ನಂಗೆ ಗೊತ್ತಾಯ್ತು. ಅಳೋಕ್ ಬಿಡ್ತಿಲ್ಲ ಅತ್ತೆ. ಬದುಕಿರೋನ್ಗೆ ಅಳ್ತೀಯಾ ಅಂತ ಬಾಯಿ ಮುಚ್ತಾರೆ. ಮದ್ಯಾನ ಅವ್ರ ತಟ್ಟೇಗೆ ಅನ್ನ ಆಕ್ತಾರೆ. ಸಾಯಂಕಾಲ ಆ ಅನ್ನ ಬಿಸಾಕ್ಬಾರ್ದು ಅಂತ ನಾನೇ ತಿನ್ಬೇಕು. ಎಷ್ಟ್ ದಿನ ತಿನ್ಲಿ?"

"ಸುಳ್ಳು ಹೇಳಕ್ಕೆ ನಂಗ್ ಬರಲ್ಲ ತಾಯಿ."

"ಈ ದೀಪ ಮಾಡಾಕೂ ಬತ್ತಿರ್ಲಿಲ್ಲ. ಕಲ್ತ್ಕೊಂಡ್ರಲ್ಲ."

ಅವಳು ಅಷ್ಟು ಹೇಳಿ ಹೊರಟುಹೋದಳು. ಸೆಲ್ವರಾಜ್ ವನಿತಾಳಿಗೂ ಇದನ್ನು ಹೇಳಲಿಲ್ಲ.

ಭಾನುವಾರ ಬಿಸಿಲು ಚುರುಕಾಗಿತ್ತು. ಸ್ಕ್ರೀನ್ ಕಾಣಲೆಂದು ವನಿತಾ ಮತ್ತು ಇಂದ್ರಾಣಿ ಒಂದು ಹಳೆಯ ಬೆಡ್‌ಶೀಟ್ ಹಿಡಿದು ನೆರಳು ಮಾಡಿದರು. ಅದರ ಕೆಳಗೆ ಮಾರಿಯಮ್ಮ, ಸೆಲ್ವರಾಜ್ ಕೂತರು. ಮೇಲೆ ಬ್ಯಾಟರಿ, ಕುಕ್ಕರಿಗೆ ಹಗ್ಗ, ಹಗ್ಗದ ಜೊತೆಗೆ ವೈರು. ಪಕ್ಕದಲ್ಲೇ ಶ್ರೀಧರನ ಕ್ಯಾಮೆರಾದ ಕೇಬಲ್. ಅದರಲ್ಲಿ ಕಂಡದ್ದೆಲ್ಲ ರೆಕಾರ್ಡೂ ಆಗುತ್ತಿತ್ತು. ಹಗ್ಗವನ್ನು ಕೋದಂಡಪ್ಪ ತಾನಾಗಿಯೇ ಬಂದು ಹಿಡಿದ.

ದೀಪ ಇಳಿಯುತ್ತಿದ್ದಂತೆ ಸ್ಕ್ರೀನಿನಲ್ಲಿ ಶಾಫ್ಟು ತೆರೆದುಕೊಂಡಿತು. ಯಾರೂ ಹಾಗೆ ಕಾಣಬಹುದೆಂದು ಎಣಿಸಿರಲಿಲ್ಲ. ಕಲ್ಲಿನ ಮೇಲೆ ಉಳಿಯ ಗೆರೆಗಳು ಕಂಡವು. ಕೊಳೆತ ತೊಲೆ, ತುಕ್ಕು ಹಿಡಿದ ಮೊಳೆ, ಒಂದು ಕಡೆ ಸುರಂಗದ ಬಾಯಿ. ಆಮೇಲೆ ಮುರಿದ ಏಣಿ. ಮುರಿದ ಜಾಗದಲ್ಲಿ ಮರ ಹೊಸದಾಗಿ ಬೆಳ್ಳಗಿತ್ತು. ಮಾರಿಯಮ್ಮ ಸ್ಕ್ರೀನಿನ ಮೇಲೆ ಬೆರಳಿಟ್ಟು, "ಇಲ್ಲಿ," ಎಂದಳು. ಬೆಡ್‌ಶೀಟ್ ಹಿಡಿದಿದ್ದ ಇಂದ್ರಾಣಿ ಬಗ್ಗಿ ನೋಡಿದಳು, ನೆರಳು ಅಲ್ಲಾಡಿತು.

ನೀರು ಬಂತು. ಕಪ್ಪು ನೀರಿನ ಮೇಲೆ ದೀಪದ ಬಿಂಬ ಏಳುತ್ತ ಬಂದು ದೀಪಕ್ಕೆ ಕೂಡಿತು. "ಬಿಡಿ, ಇನ್ನೂ ಬಿಡಿ," ಎಂದ ಸೆಲ್ವರಾಜ್. ಕುಕ್ಕರ್ ಮುಳುಗಿತು, ಜೊತೆಗೆ ಕ್ಯಾಮೆರಾವೂ.

ಸ್ಕ್ರೀನ್ ಪೂರ್ತಿ ಬೆಳ್ಳಗಾಯಿತು.

"ಏನಾಯ್ತು? ಕೆಟ್ಟೋಯ್ತಾ?" ಎಂದಳು ವನಿತಾ.

ಕೆಟ್ಟಿರಲಿಲ್ಲ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ನೀರಿನ ತುಂಬ ಕೆಸರಿನ ಸಣ್ಣ ಕಣಗಳು. ಬೆಳಕು ಅವುಗಳಿಗೇ ಬಡಿದು ಕ್ಯಾಮೆರಾದ ಕಣ್ಣಿಗೆ ವಾಪಸು ಬರುತ್ತಿತ್ತು, ಮಂಜಿನಲ್ಲಿ ಲಾರಿಯ ಹೆಡ್‌ಲೈಟ್ ಹಾಕಿದ ಹಾಗೆ. ಸೆಲ್ವರಾಜ್ ಬೆಳಕು ತಗ್ಗಿಸಿದ. ಬಿಳಿ ಹೋಗಿ ಬೂದಿಯಾಯಿತು. ಇನ್ನೂ ತಗ್ಗಿಸಿದ, ಕತ್ತಲಾಯಿತು. ಮತ್ತೆ ಹೆಚ್ಚಿಸಿದರೆ ಅದೇ ಹಾಲಿನಂಥ ಬಿಳಿ. ದೀಪವನ್ನು ಕ್ಯಾಮೆರಾದಿಂದ ದೂರ ಸರಿಸಿ ನೋಡಿದರು, ಎತ್ತಿ ನೋಡಿದರು, ಇಳಿಸಿ ನೋಡಿದರು. ಇನ್ನೂ ದೊಡ್ಡ ದೀಪ ಮಾಡಿದರೆ ಇನ್ನೂ ಬೆಳ್ಳಗಾಗುತ್ತದೆ, ಅಷ್ಟೇ. ಸೆಲ್ವರಾಜನಿಗೆ ಅದು ಅಲ್ಲೇ ಅರ್ಥವಾಯಿತು. ಇನ್ನು ಅವನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಶ್ರೀಧರ್ ಕೇಬಲ್ ಸುತ್ತಲು ಎದ್ದ. ಮಾರಿಯಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳು ಸ್ಕ್ರೀನಿಗೆ ಮುಖ ತಾಗಿಸಿ ಕೂತಿದ್ದಳು.

"ನಂಗ್ ಬೆಳ್ಳಗ್ ಕಾಣತ್ತೆ ಮಾಪ್ಳೆ. ನಿಮ್ಗೆ ಏನ್ ಕಾಣತ್ತೆ?"

ಇಂದ್ರಾಣಿ ಬೆಡ್‌ಶೀಟಿನ ಅಂಚಿನಿಂದ ಅವನನ್ನೇ ನೋಡುತ್ತಿದ್ದಳು.

"ಕಾಣ್ತು ಅತ್ತೆ," ಎಂದ ಸೆಲ್ವರಾಜ್. "ಕೆಳಗಡೆ. ಮರದ ಸಂದೀಲಿ. ನೀಲಿ ಶರಟು."

ಕೇಬಲ್ ಸುತ್ತುತ್ತಿದ್ದ ಶ್ರೀಧರ್ ತಲೆಯೆತ್ತಿ ಅವನನ್ನು ನೋಡಿದ. ಮತ್ತೆ ಸುತ್ತತೊಡಗಿದ.

ಮಾರಿಯಮ್ಮ ಅಲ್ಲೇ ಮಣ್ಣಿನಲ್ಲಿ ಒರಗಿ ಎದೆ ಬಡಿದುಕೊಂಡು ಅತ್ತಳು. ಮಗ ಬಿದ್ದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಇಂದ್ರಾಣಿ ಬೆಡ್‌ಶೀಟ್ ಬಿಟ್ಟು ಅವಳ ಪಕ್ಕ ಬಿದ್ದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದು ಅಳುವುದನ್ನು ನೋಡಿ ಕೋದಂಡಪ್ಪ ಕಣ್ಣೊರೆಸಿಕೊಂಡ. ಸೆಲ್ವರಾಜನಿಗೆ ತಾನು ಮಾಡಿದ್ದು ಸರಿ ಎನಿಸಿತು. ಅವತ್ತು ಸಂಜೆ ಮನೆಯಲ್ಲಿ ಕಾರ್ಯದ ಮಾತೂ ಆಯಿತು.

ಬೆಳಿಗ್ಗೆ ಮಾರಿಯಮ್ಮ ಮನೆಯಲ್ಲಿರಲಿಲ್ಲ. ಶಾಫ್ಟಿನ ಬೇಲಿಯ ಹತ್ತಿರ ಕೂತಿದ್ದಳು. ಸೆಲ್ವರಾಜ್ ಓಡಿಬಂದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ.

"ಕಣ್ಣಿಗ್ ಕಾಣೋ ಮಗನ್ನ ಹೆಂಗ್ ಬಿಟ್ ಬರ್ಲಿ ಮಾಪ್ಳೆ? ಮೇಲೆ ಎತ್ಲಿ. ಎತ್ತಿದ್ ದಿನ ಕಾರ್ಯ ಮಾಡೋಣ."

ಅವಳು ಪೊಲೀಸ್ ಠಾಣೆಗೆ ಹೋದಳು. ಅಲ್ಲಿಂದ ಊರಿಗಾಂನಲ್ಲಿರುವ ಗಣಿ ಕಂಪನಿಯ ಕಚೇರಿಗೆ ಹೋದಳು. ಹೋದಲ್ಲೆಲ್ಲ ಒಂದೇ ಮಾತು: ನನ್ನ ಮಗ ಕಾಣುತ್ತಿದ್ದಾನೆ, ಅಳಿಯ ನೋಡಿದ್ದಾನೆ, ನೀಲಿ ಶರಟು. ಯಾರೂ ಅವಳನ್ನು ಓಡಿಸಲಿಲ್ಲ. ಕಂಡಿದೆ ಎಂದ ಮೇಲೆ ಬಿಡುವಂತಿಲ್ಲ ಎಂದು ಅವರವರೇ ಮಾತಾಡಿಕೊಂಡರು. ಒಂದು ದಿನ ಇನ್ಸ್‌ಪೆಕ್ಟರು, ಹಗ್ಗ ಹಿಡಿದು ಇಳಿಯುವ ತಂಡದವರು ಶಾಫ್ಟಿನ ಬಳಿ ಬಂದರು. ಸೆಲ್ವರಾಜನಿಗೂ ಶ್ರೀಧರನಿಗೂ ಬರಹೇಳಿದ್ದರು.

ಇನ್ಸ್‌ಪೆಕ್ಟರು ಮೆದು ಮಾತಿನ ಮನುಷ್ಯ. "ಒಳಗಿನ ಗಾಳಿ ಕೆಟ್ಟದ್ದು. ಆದ್ರೂ ಜಾಗ ಗೊತ್ತಿದ್ರೆ ಇಳೀತೀವಿ ಅಂತ ಈ ಹುಡುಗರು ಒಪ್ಪಿದಾರೆ," ಎಂದರು. "ಎಷ್ಟು ಆಳ, ಯಾವ ಮೂಲೆ, ರೆಕಾರ್ಡಿಂಗ್‌ನಲ್ಲಿ ತೋರ್ಸಿ."

ತಂಡದ ಯುವಕರು ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದರು. ಅವರಲ್ಲಿ ಒಬ್ಬನಿಗೆ ಅದೇ ಹೊಸದಾಗಿ ಮೀಸೆ ದಟ್ಟವಾಗಿತ್ತು. ಶ್ರೀಧರ್ ಸ್ಕ್ರೀನ್ ಹಚ್ಚಿದ. ಏಣಿ ಬಂತು, ನೀರು ಬಂತು, ಬಿಳಿ ಬಂತು. ಬಿಳಿ ಹಾಗೇ ಓಡುತ್ತಿತ್ತು.

"ಎಲ್ಲಿ?" ಎಂದರು ಇನ್ಸ್‌ಪೆಕ್ಟರು.

"ತೋರ್ಸಿ ಮಾಪ್ಳೆ," ಎಂದಳು ಮಾರಿಯಮ್ಮ. "ಸಾರ್‌ಗೆ ತೋರ್ಸಿ."

ಸೆಲ್ವರಾಜ್ ಆ ಯುವಕನ ಪಟ್ಟಿಯನ್ನು ನೋಡಿದ. ಒಂದು ಮೂಲೆ ತೋರಿಸಿದರೆ ಇವನು ಇಳಿಯುತ್ತಾನೆ.

"ಇಲ್ಲ ಸಾರ್. ಏನೂ ಕಾಣ್ಲಿಲ್ಲ. ನಾನು ಸುಮ್ನೆ ಹೇಳ್ದೆ."

ವನಿತಾ ಗಂಡನ ಮುಖ ನೋಡಿದಳು. ಇನ್ಸ್‌ಪೆಕ್ಟರು ಬೈಯಲಿಲ್ಲ, ಟೋಪಿ ತೆಗೆದು ಹಣೆ ಒರೆಸಿಕೊಂಡರು. ಇಂದ್ರಾಣಿ ಬೇಲಿಯ ಕಂಬ ಹಿಡಿದು ನಿಂತಿದ್ದಳು. ತಾನು ಕೇಳಿಕೊಂಡದ್ದು ಎಂದು ಅವಳು ಹೇಳಲಿಲ್ಲ. ಸೆಲ್ವರಾಜನೂ ಹೇಳಲಿಲ್ಲ.

ಮಾರಿಯಮ್ಮ ಸ್ಕ್ರೀನಿಗೆ ಮತ್ತೊಮ್ಮೆ ಮುಖ ತಾಗಿಸಿ ನೋಡಿದಳು. ಆಮೇಲೆ ಕೇಳಿದಳು: "ಅಷ್ಟ್ ದೊಡ್ ಲೈಟ್ ಬಿಟ್ರೂ ಕಾಣ್ಲಿಲ್ವಾ?"

"ಇಲ್ಲ ಅತ್ತೆ. ತಪ್ಪಾಯ್ತು."

"ಅಂದ್ರೆ ಅವ್ನು ಅಲ್ಲಿಲ್ಲ."

"ಹಂಗಲ್ಲ ಅತ್ತೆ. ನೀರು ಕೆಸರು, ಬೆಳಕು..."

"ತೊಲೆ ಮೇಲಿರೋ ಮೊಳೆ ಕಾಣ್ತು. ನನ್ ಮಗ ಇದ್ದಿದ್ರೆ ಕಾಣ್ತಿರ್ಲಿಲ್ವಾ?" ಅವಳ ಮುಖ ಅರಳತೊಡಗಿತ್ತು. "ಸುರಂಗದ ಬಾಯಿ ಇತ್ತಲ್ಲ, ನೀವೇ ತೋರಿಸ್ಲಿಲ್ವಾ. ಅದ್ರಲ್ಲಿ ಹೋಗವ್ನೆ. ಈ ಕೋಲಾರದ ಗಣಿಯೆಲ್ಲ ಒಳಗೊಳ್ಗೆ ಒಂದೇ. ಎಲ್ಲೋ ಎದ್ದು ಹೋಗವ್ನೆ. ಕೇಸಾಗತ್ತೆ ಅಂತ ಹೆದ್ರಿ ಮನೇಗ್ ಬಂದಿಲ್ಲ."

ಸೆಲ್ವರಾಜ್ ಮತ್ತೆ ಮತ್ತೆ ಹೇಳಿದ. ಬೆಳಕು ಕೆಸರಿಗೆ ಬಡಿದು ಹೇಗೆ ಹಿಂದೆ ಬರುತ್ತದೆ ಎಂದು ಒಂದು ಲೋಟ ನೀರಿಗೆ ಹಾಲಿನ ಹನಿ ಬಿಟ್ಟು ಮನೆಯಲ್ಲಿ ತೋರಿಸಿದ. ಇನ್ಸ್‌ಪೆಕ್ಟರೂ ಬಂದು ಹೇಳಿದರು. ಸುಳ್ಳು ಹೇಳಿದವನ ಮಾತು ಕೇಳುವುದಿಲ್ಲ ಎಂದು ಅವಳು ಅನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಳಿಯನ ತಲೆ ಸವರಿ, "ನೀವ್ ಅಷ್ಟ್ ಕಷ್ಟಪಟ್ಟು ಲೈಟ್ ಮಾಡಿದ್ದಕ್ಕೇ ಅವ್ನು ಅಲ್ಲಿಲ್ಲ ಅಂತ ಗೊತ್ತಾಯ್ತು," ಎಂದಳು. ಸೆಲ್ವರಾಜ್ ಎದ್ದು ಹಿತ್ತಲಿಗೆ ಹೋದ.

ಶಾಫ್ಟುಗಳನ್ನು ಮುಚ್ಚಬೇಕೆಂದು ಆದೇಶ ಬಂದಿತ್ತು. ಮಳೆ ಶುರುವಾಗುವ ಮೊದಲು ಟಿಪ್ಪರುಗಳು ಬಂದವು. ಚಿನ್ನ ತೆಗೆದ ಮೇಲೆ ಗಣಿಯ ಪಕ್ಕ ರಾಶಿ ಹಾಕಿದ್ದ ಬೂದು ಗುಡ್ಡದ ಮಣ್ಣನ್ನೇ ತಂದು ಸುರಿಯುವುದು. ಮಾರಿಯಮ್ಮ ಅಡ್ಡ ಮಲಗುತ್ತಾಳೆಂದು ಇಬ್ಬರು ಮಹಿಳಾ ಪೊಲೀಸರನ್ನು ಕಳಿಸಿದ್ದರು. ಅವಳು ಅಡ್ಡ ಹೋಗಲೇ ಇಲ್ಲ. ಬೇವಿನ ಮರದ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ, "ಮುಚ್ಲಿ ಬಿಡಿ, ಇನ್ನೊಬ್ರ ಮಕ್ಳು ಬೀಳ್ದೆ ಇರ್ಲಿ," ಎಂದಳು.

ಮೊದಲ ಟಿಪ್ಪರು ಹಿಂದಕ್ಕೆ ಬಂದು ತೊಟ್ಟಿ ಎತ್ತಿತು. ಮಣ್ಣು ಜಾರಿತು. ಕೆಳಗೆ ನೀರಿಗೆ ಬೀಳುವ ಸದ್ದು ತುಂಬ ಹೊತ್ತಿನ ಮೇಲೆ ಕೇಳಿತು. ಆಗ ಇಂದ್ರಾಣಿ ಓಡಿದಳು. ಪೊಲೀಸರು ಹಿಡಿಯುವಷ್ಟರಲ್ಲಿ ಶಾಫ್ಟಿನ ಬಾಯಿಯ ಅಂಚಿಗೆ ಹೋಗಿ ಮೊಣಕಾಲೂರಿ, ಒಂದು ಹಿಡಿ ಮಣ್ಣು ಬಾಚಿ ಒಳಗೆ ಹಾಕಿದಳು. ಇನ್ನೊಂದು ಹಿಡಿ. ಮೂರನೆಯದು. ಗುಂಡಿಗೆ ಹೆಣ ಇಳಿಸಿದಾಗ ಮನೆಯವರು ಹಾಕುವಂತೆ. ಸೆಲ್ವರಾಜ್ ಅವಳ ಪಕ್ಕ ಕೂತು ತಾನೂ ಮಣ್ಣು ಹಾಕಿದ. ವನಿತಾ ಬಂದಳು, ತಮ್ಮನ ಹೆಸರು ಹಿಡಿದು ಕೂಗಿದಳು.

"ಏನ್ ಮಾಡ್ತಿದೀರ ನೀವೆಲ್ಲ?" ಮಾರಿಯಮ್ಮ ಮರದ ಕೆಳಗಿಂದಲೇ ಗದರಿದಳು. "ಬದುಕಿರೋನ್ಗೆ ಮಣ್ಣಾಕ್ತಾರಾ? ಏಳೇ, ಎದ್ ಬಾ ಈಚೆ!"

ಇಂದ್ರಾಣಿ ಎದ್ದಳು. ಕೈಯ ಮಣ್ಣನ್ನು ಒರೆಸಿಕೊಳ್ಳಲೂ ಇಲ್ಲ. ಎರಡನೆಯ ಟಿಪ್ಪರು ಹಾರ್ನ್ ಹಾಕಿತು, ಎಲ್ಲರೂ ಪಕ್ಕಕ್ಕೆ ಸರಿದರು.

ಆಮೇಲೆ ಕಾರ್ಯ ಆಗಲಿಲ್ಲ. ಮಾರಿಯಮ್ಮನ ಮುಂದೆ ಅದರ ಮಾತೆತ್ತುವ ಹಾಗೇ ಇರಲಿಲ್ಲ. ಅವಳು ಪೊರೆ ಬಂದ ಕಣ್ಣಿಟ್ಟುಕೊಂಡು ಬಂಗಾರಪೇಟೆ ಜಂಕ್ಷನ್ನಿಗೆ ಹೋಗಿ, ರೈಲಿಳಿಯುವವರ ಮುಖ ನೋಡುತ್ತ ನಿಲ್ಲತೊಡಗಿದಳು. ಯಾರೋ ಒಬ್ಬರು ಮಾಲೂರಿನಲ್ಲಿ ರಾಜ್‌ಕುಮಾರನಂಥವನನ್ನು ಕಂಡೆ ಎಂದರು. ಅದನ್ನೂ ನಂಬಿದಳು. ಸೆಲ್ವರಾಜ್ ಅವಳನ್ನು ಮಾಲೂರಿಗೂ ಕರೆದುಕೊಂಡು ಹೋದ, ಇಟ್ಟಿಗೆ ಗೂಡುಗಳ ನಡುವೆ ಒಂದು ದಿನವೆಲ್ಲ ಸುತ್ತಿಸಿದ. ಬೇಡ ಎನ್ನಲು ಅವನಿಗೆ ಅಧಿಕಾರ ಉಳಿದಿರಲಿಲ್ಲ.

ಇಂದ್ರಾಣಿಯನ್ನು ಕರೆದೊಯ್ಯಲು ಅವಳ ಅಪ್ಪ ಅಶ್ವತ್ಥಪ್ಪ ಬಂದ. ಹಾಲಿನ ಡೈರಿಗೆ ಹಾಲು ಹಾಕಿ ನೇರ ಬಂದವನು. ಮಗಳ ಬಟ್ಟೆಗಂಟನ್ನು ತಾನೇ ಹೊತ್ತ. ಹೊರಡುವ ಮುಂಚೆ ಸೆಲ್ವರಾಜನನ್ನು ಪಕ್ಕಕ್ಕೆ ಕರೆದು ಕೇಳಿದ: "ಇವ್ಳಿಗೆ ಮುಂದೆ ಏನಾದ್ರೂ ಒಂದು ದಾರಿ ನೋಡ್ಬೇಕಲ್ಲ ಸ್ವಾಮಿ. ನಾನ್ ಯಾರ್ಗಾನ ಏನಂತ ಏಳ್ಲಿ? ಗಂಡ ಅವ್ನೆ ಅಂತ ಏಳ್ಲಾ, ಇಲ್ಲ ಅಂತ ಏಳ್ಲಾ?"

ಸೆಲ್ವರಾಜ್ ಅವನ ಹೆಗಲ ಗಂಟನ್ನು ಇಳಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. 

ಬಸ್ ಸ್ಟ್ಯಾಂಡಿನವರೆಗೆ ಮಾರಿಯಮ್ಮನೂ ಬಂದಳು. ಸೊಸೆಗೆ ದಾರಿಯಲ್ಲಿ ತಿನ್ನಲು ಬನ್ ಕೊಡಿಸಿದಳು, ಮುಡಿಗೆ ಒಂದು ಮೊಳ ಕನಕಾಂಬರ ಕೊಂಡು ತಾನೇ ಮುಡಿಸಿದಳು. ಇಂದ್ರಾಣಿ ತಲೆ ಬಗ್ಗಿಸಿ ನಿಂತು ಮುಡಿಸಿಕೊಂಡಳು. ಬಸ್ಸು ಹೊರಟಾಗ ಮಾರಿಯಮ್ಮ ಕಿಟಕಿಯ ಸರಳು ಹಿಡಿದು ಜೊತೆಯಲ್ಲೇ ನಾಲ್ಕು ಹೆಜ್ಜೆ ನಡೆದಳು.

"ಅವ್ನು ಬಂದ ತಕ್ಷಣ ನಿಮ್ ಊರಿಗೇ ಕಳಿಸ್ತೀನಿ ಕಣಮ್ಮಾ. ನೀನ್ ಏನೂ ಯೋಚ್ನೆ ಮಾಡ್ಬೇಡ."

"ಊಂ ಅತ್ತೆ," ಎಂದಳು ಇಂದ್ರಾಣಿ.